ಫಿರಂಗಿಯ ನೆರಳಲ್ಲಿ ಹಾವು

(ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಹುಲ್ಲಿನ ಮೆದೆಯಲ್ಲಿ ಸಿಕ್ಕ ಕೊಳಕುಮಂಡಲವನ್ನು ಹಾವು ಹಿಡಿಯುವವನು ಡಬ್ಬಿಗೆ ಹಾಕಿಕೊಂಡು ಈಗಷ್ಟೇ ಹೋಗಿದ್ದಾನೆ. ಜಗಲಿಯ ಮೇಲೆ ಮೂವರಿದ್ದಾರೆ: ಹೊಳೆನರಸೀಪುರದಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು; ಅವರ ಹೆಂಡತಿಯ ತಮ್ಮನಾದ, ಅರಕಲಗೂಡು ಕಡೆಯ ಮಾಜಿ ಸುಬೇದಾರ್; ಕುರಿ ಸಾಕುವ, ಊರಿಗೆಲ್ಲ ಅಕ್ಕನಾದ ಪಕ್ಕದ ಮನೆಯ ಹೆಂಗಸು.)

ಅಕ್ಕ: ಎಲ್ಲಿಗೆ ಬಿಡ್ತೀಯಪ್ಪ ಅಂದೆ. ‘ಕಾಡಿಗೆ’ ಅಂದ. ಇಲ್ಲೆಲ್ಲಿದೆ ಮೇಷ್ಟ್ರೇ ಕಾಡು? ಆಚೆ ಊರಿನ ತೆಂಗಿನ ತೋಟಕ್ಕೆ ಬಿಡ್ತಾನೆ, ಅಷ್ಟೇಯ.

ಸುಬೇದಾರ್: ನನ್ನ ಕೇಳಿದ್ರೆ ಅದಕ್ಕೆ ಒಳ್ಳೇ ಜಾಗ ಒಂದೇ ಅಕ್ಕ. ಮಿಲಿಟರಿ ಬೇಲಿಯ ಒಳಗೆ.

ಮೇಷ್ಟ್ರು: ಗುಂಡು ಹಾರೋ ಕಡೆ ಹಾವು ನೆಮ್ಮದಿಯಾಗಿರುತ್ತೆ ಅಂತೀಯಾ?

ಸುಬೇದಾರ್: ಇರುತ್ತೆ ಭಾವ. ರಾಜಸ್ಥಾನದ ಪೋಖ್ರಾನ್ ಫೈರಿಂಗ್ ರೇಂಜ್‌ನಲ್ಲಿ ನೋಡಿದೀನಿ. ಬಾಂಬು ಸಿಡಿಸಿದ ಊರು ಅಂತ ಜನಕ್ಕೆ ಗೊತ್ತು, 1974ರಲ್ಲಿ ಒಂದ್ಸಲ, 1998ರಲ್ಲಿ ಇನ್ನೊಂದ್ಸಲ. ಆದರೆ ಅದೇ ರೇಂಜ್‌ನ ಹುಲ್ಲಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಮೊಟ್ಟೆ ಇಡುತ್ತೆ. ಅಲ್ಲಿಯವರು ಗೋಡಾವಣ್ ಅಂತಾರೆ. ಆಳಿನ ಎದೆಮಟ್ಟಕ್ಕೆ ಸ್ವಲ್ಪ ಕಮ್ಮಿ, ನಡೆದರೆ ದೊಡ್ಡ ಗೌಡರು ಹೊಲ ನೋಡೋಕೆ ಹೊರಟ ಹಾಗೆ. ಇಡೀ ದೇಶದಲ್ಲಿ ಇನ್ನೂರು ಹಕ್ಕಿನೂ ಉಳಿದಿಲ್ಲ. ಬೇಲಿಯ ಆಚೆ ನೇಗಿಲು, ನಾಯಿ, ಕರೆಂಟ್ ತಂತಿ. ತಂತಿಗೆ ಬಡಿದೇ ಎಷ್ಟೋ ಸತ್ತಿವೆ. ಬೇಲಿಯ ಈಚೆ ಅಭ್ಯಾಸ ಇದ್ದಾಗ ಗುಂಡು, ಇಲ್ಲದಾಗ ನಿಶ್ಶಬ್ದ.

ಮೇಷ್ಟ್ರು: ಸೈನ್ಯ ಆ ಹಕ್ಕಿಯನ್ನ ಕಾಪಾಡ್ತಾ ಇದೆ ಅಂತ ಹೇಳ್ತಿದೀಯೋ, ಸೈನ್ಯ ಅದರ ಗೊಡವೆಗೆ ಹೋಗಿಲ್ಲ ಅಂತ ಹೇಳ್ತಿದೀಯೋ?

ಸುಬೇದಾರ್: ಹಕ್ಕಿಗೆ ಏನು ವ್ಯತ್ಯಾಸ?

ಮೇಷ್ಟ್ರು: ಹಕ್ಕಿಗಿಲ್ಲ. ನಮಗಿದೆ. ಕಾಪಾಡೋನು ನಾಳೆಯೂ ಕಾಪಾಡ್ತಾನೆ ಅಂತ ನಂಬಬಹುದು. ಗೊಡವೆಗೆ ಹೋಗದೋನು ನಾಳೆ ಹೋಗಲ್ಲ ಅಂತ ಯಾರು ಹೇಳ್ತಾರೆ?

ಸುಬೇದಾರ್: ಕಾಪಾಡ್ತೀನಿ ಅಂತ ಹೊರಟೋರು ಹಾಳು ಮಾಡಿದ್ದೇ ಜಾಸ್ತಿ ಭಾವ. ಗೊಡವೆಗೆ ಹೋಗದೋರ ಹತ್ತಿರ ಉಳಿದದ್ದು ನೋಡಿ. ನನ್ನ ಅಳಿಯ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿದಾನೆ. ಅಲ್ಲಿಂದ ಲಾಸ್ ಏಂಜಲೀಸ್‌ಗೆ ಹೋಗೋ ಹೆದ್ದಾರಿ ಉದ್ದಕ್ಕೂ ಮನೆ, ಅಂಗಡಿ, ಮನೆ, ಅಂಗಡಿ. ಮಧ್ಯದಲ್ಲಿ ಇದ್ದಕ್ಕಿದ್ದಂತೆ ಖಾಲಿ ಗುಡ್ಡ, ಖಾಲಿ ಸಮುದ್ರ ದಂಡೆ. ಕ್ಯಾಂಪ್ ಪೆಂಡಲ್ಟನ್ ಅಂತ, 1942ರಲ್ಲಿ ಯುದ್ಧಕ್ಕೆ ಅಂತ ಹಿಡಿದಿಟ್ಟ ಜಾಗ, ಒಂದೂಕಾಲು ಲಕ್ಷ ಎಕರೆ. ಆ ಕರಾವಳೀಲಿ ಕಟ್ಟಡ ಏಳದೆ ಉಳಿದ ದೊಡ್ಡ ಭಾಗ ಅದೊಂದೇ. ಅಲ್ಲಿ ಗಿಲಕಿ ಹಾವು ಇದಾವೆ, ಅವರು ರ‍್ಯಾಟಲ್ ಸ್ನೇಕ್ ಅನ್ನೋದು. ಕಲ್ಲಿನ ಸಂದಿಗೆ ನೋಡದೆ ಕೈ ಹಾಕೋ ಹಾಗಿಲ್ಲ.

ಅಕ್ಕ: ಗಿಲಕಿ ಅಂದ್ರೆ?

ಸುಬೇದಾರ್: ಬಾಲದ ತುದೀಲಿ ಒಣ ಉಗುರಿನಂಥ ಬಳೆಗಳು, ಒಂದಕ್ಕೊಂದು ಸಡಿಲವಾಗಿ ಸಿಕ್ಕಿಕೊಂಡಿರುತ್ತವೆ. ಪೊರೆ ಬಿಟ್ಟಾಗಲೆಲ್ಲ ಒಂದು ಬಳೆ ಜಾಸ್ತಿ. ಹತ್ತಿರ ಹೋದರೆ ಬಾಲ ಅದುರಿಸುತ್ತೆ, ಸೆಕೆಂಡಿಗೆ ಐವತ್ತಕ್ಕೂ ಹೆಚ್ಚು ಸಲ. ರಾತ್ರಿ ಪಹರೆಯವನು ‘ಥಮ್, ಕೌನ್ ಆತಾ ಹೈ’ ಅಂತ ಕೂಗ್ತಾನಲ್ಲ, ಅದೇ ಕೆಲಸ. ಗುಂಡು ಹಾರಿಸೋ ಆಸೆ ಪಹರೆಯವನಿಗೂ ಇಲ್ಲ, ಕಚ್ಚೋ ಆಸೆ ಹಾವಿಗೂ ಇಲ್ಲ. ವಿಷ ದುಬಾರಿ, ಇಲಿ ಹಿಡಿಯೋಕೆ ಬೇಕು.

ಅಕ್ಕ: ನಮ್ಮ ಮಂಡಲನೂ ಹೇಳಿಯೇ ಹೇಳುತ್ತಣ್ಣ. ಇವತ್ತು ಮೆದೆ ಎಳೀತಿದ್ದಾಗ ಹುಲ್ಲಿನ ಒಳಗೆ ಬುಸ್ಸ್ ಅಂತ ನಿಲ್ಲದೇ ಬಂತು ಸದ್ದು. ಕೈ ಹಿಂದಕ್ಕೆ ತಾನಾಗೇ ಬಂತು. ಆಮೇಲೆ ಕಂಡಿದ್ದು ಬೆನ್ನ ಮೇಲಿನ ಕಂದು ಸರಪಳಿ. ಚಿತ್ರದುರ್ಗದ ಕಡೆ ಸಣ್ಣ ಮಂಡಲ ಒಂದಿದೆ, ಅದು ಮೈಯ ಹುರುಪೆಗೆ ಹುರುಪೆ ಉಜ್ಜಿ ಗರಗರ ಅನ್ನುತ್ತೆ. ಬಾಯಲ್ಲ, ಮೈಯೇ ಸದ್ದು ಮಾಡೋದು.

ಮೇಷ್ಟ್ರು: ಸರಿ, ಹಾವಿನ ಪರವಾಗಿ ನೀನು ವಾದಿಸಿದೆ. ಈಗ ಎದುರು ಪಾರ್ಟಿ ಕೇಳು. ಮುರುಡೇಶ್ವರದ ಎದುರಿಗೆ ನೇತ್ರಾಣಿ ಅಂತ ದ್ವೀಪ ಇದೆ. ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟೋ ಜಾಗ. ನೌಕಾಪಡೆ ಅದನ್ನ ಗುರಿ ಅಭ್ಯಾಸಕ್ಕೆ ಇಟ್ಟುಕೊಂಡಿತ್ತು. ಹದ್ದಿನ ಗೂಡಿರೋ ಬಂಡೆಗೆ ಶೆಲ್ ಹೊಡೆದರೆ ಅದು ಯಾವ ರಕ್ಷಣೆ?

ಸುಬೇದಾರ್: ಅದು ತಪ್ಪು, ಒಪ್ತೀನಿ. ದ್ವೀಪ ಚಿಕ್ಕದು, ಹಕ್ಕಿಗೆ ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲ. ಆದರೆ ಲಕ್ಷ ಎಕರೆಯಲ್ಲಿ ಲೆಕ್ಕ ಬೇರೆ. ಶೆಲ್ ಒಂದು ಕಡೆ ಬೀಳುತ್ತೆ, ನೇಗಿಲು ಎಲ್ಲಾ ಕಡೆ ಹೋಗುತ್ತೆ. ಅಮೆರಿಕದ ಫೋರ್ಟ್ ಬ್ರ್ಯಾಗ್ ಸೈನಿಕ ನೆಲೆಯಲ್ಲಿ ಸೇಂಟ್ ಫ್ರಾನ್ಸಿಸ್ ಸೇಟರ್ ಅಂತ ಒಂದು ಕಂದು ಚಿಟ್ಟೆ ಇದೆ. ಜಗತ್ತಲ್ಲಿ ಬೇರೆಲ್ಲೂ ಇಲ್ಲ. 1983ರವರೆಗೆ ಯಾರಿಗೂ ಅದರ ಸುದ್ದಿ ಗೊತ್ತಿರಲಿಲ್ಲ. ಅದಕ್ಕೆ ಬೇಕಾದ್ದು ಮರ ಮುಚ್ಚದ ಜೌಗು ಹುಲ್ಲು. ಶೆಲ್ ಬಿದ್ದು ಆಗಾಗ ಬೆಂಕಿ ಹತ್ತೋದರಿಂದ ಮರ ಏಳಲ್ಲ, ಹುಲ್ಲು ಉಳಿಯುತ್ತೆ. ಬೆಂಕಿಯಲ್ಲಿ ಕೆಲವು ಚಿಟ್ಟೆ ಸುಡುತ್ತವೆ, ಬೆಂಕಿ ಇಲ್ಲದಿದ್ದರೆ ಎಲ್ಲಾ ಹೋಗುತ್ತವೆ.

ಅಕ್ಕ: ಇದು ನನಗೆ ಗೊತ್ತಿರೋ ಮಾತೇ. ಹುಲ್ಲುಗಾವಲನ್ನ ಸುಮ್ಮನೆ ಬಿಟ್ರೆ ಹುಲ್ಲುಗಾವಲಾಗಿ ಉಳಿಯಲ್ಲ. ಮೇಯಬೇಕು, ಇಲ್ಲ ಸುಡಬೇಕು. ಎರಡೂ ನಿಂತರೆ ಬಳ್ಳಾರಿ ಜಾಲಿ ಕೂತುಕೊಳ್ಳುತ್ತೆ. ನನ್ನ ತವರು ಚಳ್ಳಕೆರೆ ಕಡೆ. ಅಲ್ಲಿಗೆ ನಿಮ್ಮ ಮಿಲಿಟರಿ ಬೇಲಿ ಬಂತಲ್ಲ ಅಣ್ಣ, ಅದರ ಮಾತೂ ಆಡಿ.

ಸುಬೇದಾರ್: ಅಲ್ಲಿ ಕುದಾಪುರದ್ದು ಡಿಆರ್‌ಡಿಒ, ಅಂದ್ರೆ ರಕ್ಷಣಾ ಸಂಶೋಧನೆಯವರ, ವಿಮಾನ ಪರೀಕ್ಷೆ ಜಾಗ. ಪೈಲಟ್ ಇಲ್ಲದ ವಿಮಾನ ಹಾರಿಸೋಕೆ ಅಂತ ಮಾಡಿದ್ದು, 2017ರಲ್ಲಿ ಶುರುವಾಯ್ತು.

ಅಕ್ಕ: ನಾಲ್ಕು ಸಾವಿರ ಎಕರೆ ಮೇಲೆ. ಪಕ್ಕದಲ್ಲಿ ವಿಜ್ಞಾನದವರದ್ದು, ಅಣುಶಕ್ತಿಯವರದ್ದು, ಇಸ್ರೋದ್ದು. ಎಲ್ಲಾ ಅಮೃತ ಮಹಲ್ ಕಾವಲು, ದನ ಮೇಯೋ ಹುಲ್ಲು ಬಯಲು. ನಮ್ಮಪ್ಪನ ಕುರಿ ಅಲ್ಲೇ ಮೇಯ್ತಿದ್ದದ್ದು, ಆ ಉಣ್ಣೇಲೇ ಕಂಬಳಿ. ಕೃಷ್ಣಮೃಗ ಕುರಿಗೆ ಹೆದರ್ತಿರಲಿಲ್ಲ, ಒಂದೇ ಬಯಲಲ್ಲಿ ಇರ್ತಿದ್ವು. ತೋಳನೂ ಇತ್ತು, ಮರಿ ಹೊತ್ಕೊಂಡು ಹೋಗ್ತಿತ್ತು, ಬೈತಿದ್ವಿ, ನಾಯಿ ಬಿಡ್ತಿದ್ವಿ. ಆಮೇಲೆ ಗೋಡೆ ಎದ್ದು ದಾರಿ ಸುತ್ತು ಆಯ್ತು. ಹಸಿರು ನ್ಯಾಯಮಂಡಳಿ ಅಂತ ಚೆನ್ನೈವರೆಗೂ ಕೇಸು ಹೋಯ್ತು. ಗೋಡೆ ಒಳಗೆ ಮೃಗ ಉಳಿದಿದ್ರೂ ನಾನು ಹೋಗಿ ನೋಡೋ ಹಾಗಿಲ್ಲ. ಇದು ಯಾರ ಕಾಡು ಆಯ್ತು?

ಮೇಷ್ಟ್ರು: ಅಕ್ಕ, ಆ ಕಾವಲುಗಳಿಗೆ ಸೈನ್ಯ ಬಂದದ್ದು ಅದೇ ಮೊದಲಲ್ಲ. ಅವು ಹುಟ್ಟಿದ್ದೇ ಸೈನ್ಯಕ್ಕಾಗಿ.

ಸುಬೇದಾರ್: ಹೌದಾ? ಅಮೃತ ಮಹಲ್ ಅಂದ್ರೆ ದನದ ತಳಿ ಅಲ್ವಾ?

ಮೇಷ್ಟ್ರು: ಫಿರಂಗಿ ಎಳೆಯೋ ದನದ ತಳಿ. ಚಿಕ್ಕದೇವರಾಜ ಒಡೆಯರ ಕಾಲಕ್ಕೇ ಅರಮನೆಗೆ ಹಾಲು ಬೆಣ್ಣೆ ಕೊಡೋ ಹಸುಗಳ ಇಲಾಖೆ ಇತ್ತು, ಬೆಣ್ಣೆ ಚಾವಡಿ ಅಂತ. ಆ ಹಸುಗಳ ಹೋರಿಗಳನ್ನ ಹೈದರಾಲಿ ಯುದ್ಧಕ್ಕೆ ಹೂಡಿದ. ಚಿದಂಬರದ ಕಡೆಗೆ ಎರಡೂವರೆ ದಿನಕ್ಕೆ ನೂರು ಮೈಲಿ ನಡೆದ ಅಂತ ಮೈಸೂರು ಗೆಜೆಟಿಯರ್ ಹೇಳುತ್ತೆ. ಟಿಪ್ಪು ಇಲಾಖೆಗೆ ಅಮೃತ ಮಹಲ್ ಅಂತ ಹೆಸರಿಟ್ಟ. ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಪಾಲಾಯ್ತು, ಅವರೂ ಅದೇ ಕೆಲಸಕ್ಕೆ ಇಟ್ಟುಕೊಂಡರು. ಚಿತ್ರದುರ್ಗ, ತುಮಕೂರು, ಕಡೂರು, ನಮ್ಮ ಹಾಸನ ಎಲ್ಲಾ ಕಡೆ ಕಾವಲು. ಅರಸೀಕೆರೆಯ ಹಬ್ಬನಘಟ್ಟ ಗೊತ್ತಲ್ಲ? ಬೇಸಿಗೆ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಹಿಂಡು ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚೇತರಿಸಿಕೊಳ್ತಿತ್ತು.

ಸುಬೇದಾರ್: ಅಂದ್ರೆ ಇಲ್ಲೇ, ನಮ್ಮ ಜಿಲ್ಲೇಲೇ, ಇನ್ನೂರು ವರ್ಷದ ಹಿಂದೆ ಮಿಲಿಟರಿ ಜಾಗ. ಉಳೋ ಹಾಗಿಲ್ಲ, ಒತ್ತುವರಿ ಮಾಡೋ ಹಾಗಿಲ್ಲ. ಎತ್ತಿಗೆ ಅಂತ ಕಾಯ್ದ ಹುಲ್ಲಲ್ಲಿ ಮೊಲ, ಕೌಜುಗ, ಗುಳ್ಳೆನರಿ, ಕೃಷ್ಣಮೃಗ, ಮಂಡಲ ಎಲ್ಲಾ ಬದುಕಿಕೊಂಡ್ವು. ಭಾವ, ನನ್ನ ವಾದಕ್ಕೆ ನೀವೇ ಸಾಕ್ಷಿ ಆದಿರಲ್ಲ!

ಮೇಷ್ಟ್ರು: ಪೂರ್ತಿ ಕೇಳು ಕಣಯ್ಯ. 1860ರಲ್ಲಿ ಖರ್ಚು ಜಾಸ್ತಿ ಅಂತ ಇಲಾಖೆ ಮುಚ್ಚಿ ಹಿಂಡು ಮಾರಿಬಿಟ್ಟರು. ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಆಮೇಲೆ ಲಾರಿ ಬಂತು, ಫಿರಂಗಿಗೆ ಎತ್ತು ಬೇಡವಾಯ್ತು. ಅಲ್ಲಿಂದ ಮುಂದೆ ಕಾವಲಿಗೆ ದಿಕ್ಕಿಲ್ಲ. ಒಂದಿಷ್ಟು ಸಾಗುವಳಿಗೆ, ಒಂದಿಷ್ಟು ನೀಲಗಿರಿ ನೆಡೋಕೆ, ಒಂದಿಷ್ಟು ಬಡಾವಣೆಗೆ. ಕೊನೆಗೆ ಚಳ್ಳಕೆರೆಯಲ್ಲಿ ಮತ್ತೆ ಸೈನ್ಯಕ್ಕೇ ಬಂತು, ಈ ಸಲ ಎತ್ತಿಗೆ ಜಾಗ ಇಲ್ಲದ ಸೈನ್ಯಕ್ಕೆ. ಯಾವ ಫೈಲಿನಲ್ಲೂ ಕೃಷ್ಣಮೃಗಕ್ಕಾಗಿ ಈ ಹುಲ್ಲು ಅಂತ ಬರೆದಿರಲಿಲ್ಲ. ಹಾಗಾಗಿ ಕೊಡುವಾಗ ಯಾರೂ ಕೃಷ್ಣಮೃಗವನ್ನ ಕೇಳಬೇಕಾಗಲಿಲ್ಲ. ಇನ್ನೊಂದು ಉದ್ದೇಶದ ನೆರಳಲ್ಲಿ ಉಳಿದದ್ದು ಆ ಉದ್ದೇಶದ ಜೊತೆಗೇ ಹೋಗುತ್ತೆ. ನಿನ್ನ ಪೋಖ್ರಾನಿಗೂ ಇದೇ ಮಾತು.

ಸುಬೇದಾರ್: ಹಾಗೆ ನೋಡಿದರೆ ಜಗತ್ತಿನಲ್ಲಿ ನೆರಳಲ್ಲದ ರಕ್ಷಣೆ ಯಾವುದಿದೆ? ನಮ್ಮ ರಾಮನಾಥಪುರದಲ್ಲಿ ಕಾವೇರಿ ಮೀನನ್ನ ಯಾರೂ ಹಿಡಿಯಲ್ಲ. ಮೀನಿನ ಮೇಲೆ ಪ್ರೀತಿಯಿಂದಲಾ? ದೇವರ ಮೀನು ಅಂತ. ಆದಿಚುಂಚನಗಿರಿಯ ನವಿಲಿಗೆ 1981ರಲ್ಲಿ ಸರ್ಕಾರ ನವಿಲುಧಾಮ ಅಂತ ಮಾಡೋಕೆ ಮುಂಚೆಯೇ ಬೆಟ್ಟ, ಮಠ ಇತ್ತು. ನಾಗಬನದ ಹಾವು ಉಳಿದಿರೋದು ನಾಗದೋಷದ ಭಯಕ್ಕೆ. ದೇವರ ಭಯಕ್ಕೆ ಉಳಿದರೆ ಪುಣ್ಯ, ಬಂದೂಕಿನ ಭಯಕ್ಕೆ ಉಳಿದರೆ ಆಕಸ್ಮಿಕ ಅನ್ನೋದು ಯಾವ ನ್ಯಾಯ?

ಅಕ್ಕ: ವ್ಯತ್ಯಾಸ ಇದೆ ಅಣ್ಣ. ರಾಮನಾಥಪುರಕ್ಕೆ ಹೋದೋರು ಮೆಟ್ಟಿಲ ಮೇಲೆ ಕೂತು ಪುರಿ ಎಸೀತಾರೆ. ಮೀನು ಬಾಯಿ ಬಿಟ್ಕೊಂಡು ಒಂದರ ಮೇಲೊಂದು ಬೀಳುತ್ತೆ, ಮಕ್ಕಳು ಕಿರುಚ್ತಾವೆ. ಒಂದು ವರ್ಷ ಮೀನು ಬರಲಿಲ್ಲ ಅನ್ನಿ, ಊರೆಲ್ಲ ಕೇಳುತ್ತೆ, ಮೀನೆಲ್ಲಿ ಅಂತ. ನಿಮ್ಮ ಬೇಲಿ ಒಳಗಿನ ಹಕ್ಕಿ ಒಂದು ವರ್ಷ ಬರಲಿಲ್ಲ ಅನ್ನಿ. ಯಾರು ಕೇಳ್ತಾರೆ? ಒಳಗೆ ಬಿಡದೇ ಇರೋದು ಬರೀ ಕಾಲನ್ನಲ್ಲ, ಕಣ್ಣನ್ನೂ. ಕಂಡೋರಿಲ್ಲದ ಮೇಲೆ ಕಳೆದದ್ದನ್ನ ಹುಡುಕೋರೂ ಇರಲ್ಲ.

ಮೇಷ್ಟ್ರು: ನಾನು ಕಾಗದದಲ್ಲಿ ಹುಡುಕ್ತಿದ್ದೆ, ಅಕ್ಕ ಜನರಲ್ಲಿ ಹುಡುಕಿದಳು. ಹೆಚ್ಚು ಜನಕ್ಕೆ ಬೇಕಾದದ್ದು ಹೆಚ್ಚು ದಿನ ಉಳಿಯುತ್ತೆ.

ಸುಬೇದಾರ್: ಮೀನಿಗೆ ಸರಿ, ನವಿಲಿಗೆ ಸರಿ. ಇವತ್ತಿನ ಮಂಡಲಕ್ಕೆ? ಅಕ್ಕ, ನಿಜ ಹೇಳಿ. ನಾಳೆಯಿಂದ ಈ ತಾಲ್ಲೂಕಲ್ಲಿ ಒಂದು ಮಂಡಲವೂ ಇಲ್ಲ ಅಂದ್ರೆ ‘ಎಲ್ಲಿ ಹೋಯ್ತು’ ಅಂತ ಯಾರಾದ್ರೂ ಅಳ್ತಾರಾ?

ಅಕ್ಕ: ಅಳಲ್ಲ. ನಮ್ಮ ಭಾಮೈದನಿಗೆ ಕಚ್ಚಿತ್ತು. ಹಾಸನದ ಆಸ್ಪತ್ರೇಲಿ ಬಾಟಲಿ ಮೇಲೆ ಬಾಟಲಿ ವಿಷ ಇಳಿಸೋ ಇಂಜೆಕ್ಷನ್ ಹಾಕಿದ್ರು. ಬದುಕಿದ, ಆದ್ರೆ ಕಾಲು ಮೊದಲಿನ ಹಾಗೆ ಆಗಲಿಲ್ಲ. ಹಬ್ಬ ಮಾಡ್ತಾರೆ ಜನ.

ಸುಬೇದಾರ್: ಅದಕ್ಕೇ ಹೇಳಿದ್ದು. ಕೆಲವು ಪ್ರಾಣಿ ಜೊತೆ ಒಡನಾಟದಿಂದ ಪ್ರೀತಿ ಹುಟ್ಟಲ್ಲ, ಸಾವು ಹುಟ್ಟುತ್ತೆ. ಅವಕ್ಕೆ ಬೇಕಾದ್ದು ನಮ್ಮ ದೂರ. ಇಲಿ, ಬಿಲ, ಯಾರೂ ಕಾಲಿಡದ ನಾಲ್ಕು ಎಕರೆ, ಇಷ್ಟು ಸಾಕು. ಪುರಿ ಎಸೆಯೋರು ಬೇಡ.

ಮೇಷ್ಟ್ರು: ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಆದರೆ ದೂರ ಇಡೋಕೆ ಗೋಡೆಯೇ ಬೇಕಾ? ಕಡೂರು ತಾಲ್ಲೂಕಿನ ಬಾಸೂರು ಕಾವಲು ನೋಡು. ಅದೂ ಅಮೃತ ಮಹಲ್‌ದೇ. 2011ರಲ್ಲಿ ಕೃಷ್ಣಮೃಗಕ್ಕೆ ಅಂತ ಸಂರಕ್ಷಣಾ ಮೀಸಲು ಮಾಡಿದರು. ಅಮೃತ ಮಹಲ್ ದನವೂ ಅಲ್ಲೇ ಮೇಯುತ್ತೆ. ಯುದ್ಧ ಇಲ್ಲ, ಫಿರಂಗಿ ಇಲ್ಲ, ಹುಲ್ಲು ಇದೆ. ಅಮೆರಿಕದಲ್ಲೂ 1960ರಲ್ಲಿ ಸೈಕ್ಸ್ ಕಾಯಿದೆ ಅಂತ ತಂದು, ಆಮೇಲೆ ಅದನ್ನ ಬಿಗಿ ಮಾಡಿ, ಸೈನ್ಯದ ಜಾಗದ ಪ್ರಾಣಿಗಳ ನಿಗಾ ಸೈನ್ಯದ ಕೆಲಸಗಳಲ್ಲಿ ಒಂದು ಅಂತ ಬರೆದರು. ಆಕಸ್ಮಿಕವನ್ನ ಕರ್ತವ್ಯ ಮಾಡೋದು ಅಂದರೆ ಇದೇ.

ಸುಬೇದಾರ್: ಬಾಸೂರಲ್ಲಿ ಹೆಸರು ಸಿಕ್ಕಿದ್ದು ಕೃಷ್ಣಮೃಗಕ್ಕೆ ಭಾವ, ಹಾವಿಗಲ್ಲ. ಅದರ ಕೊಂಬು ಚೆಂದ, ಓಟ ಚೆಂದ. ಹಾವು ಅಲ್ಲೂ ಇನ್ನೊಬ್ಬರ ನೆರಳಲ್ಲೇ ಇರೋದು. ನೀವು ಬೇಡ ಅಂದದ್ದೇ ಅಲ್ವಾ ಅದು?

ಮೇಷ್ಟ್ರು: ಹೌದು. ಹಾವಿಗೆ ಯಾವತ್ತೂ ಇನ್ನೊಬ್ಬರ ಹೆಸರಲ್ಲೇ ಬದುಕು ಅಂತ ಕಾಣುತ್ತೆ. ಆ ಹೆಸರು ಫಿರಂಗಿಯದೋ, ದೇವರದೋ, ಜಿಂಕೆಯದೋ ಅನ್ನೋದಷ್ಟೇ ನಮ್ಮ ಕೈಲಿರೋದು.

ಅಕ್ಕ: ಹಂಗಾದ್ರೆ ಜಿಂಕೆ ಹೆಸರೇ ಇರಲಿ ಮೇಷ್ಟ್ರೇ. ಫಿರಂಗಿ ಹೆಸರಾದ್ರೆ ಹಾವಿಗೆ ಮಾತ್ರ ಜಾಗ. ಜಿಂಕೆ ಹೆಸರಾದ್ರೆ, ಹುಷಾರಾಗಿ ಕಾಲಿಟ್ಟರೆ, ನನ್ನ ಕುರಿಗೂ ಒಂದಿಷ್ಟು ಸಿಗುತ್ತೆ.

ಸುಬೇದಾರ್: ಕುರಿ ಜೊತೆ ನಿಮ್ಮ ನಾಯಿ ಬಂದ್ರೆ ಜಿಂಕೆ ಮರಿ ಗತಿ?

ಅಕ್ಕ: ನಾಯಿ ಕಟ್ಟಾಕ್ತೀನಿ. ತೋಳ ಬಂದ ವರ್ಷ ಮಾತ್ರ ಕೇಳಬೇಡಿ.