ಅಂಕಿತದೊಳಗಿನ ಒಲವು

12ನೇ ಶತಮಾನದಲ್ಲಿ ಬಸವಕಲ್ಯಾಣದಲ್ಲಿ ಸೇರಿದ ಶರಣರು ‘ನಾನು’ ಅಳಿಯಬೇಕೆಂದರು. ಆದರೂ ಒಬ್ಬೊಬ್ಬರ ವಚನಗಳಿಗೆ ಒಂದೊಂದು ಅಂಕಿತ, ಅಂದರೆ ಕೊನೆಯಲ್ಲಿ ಬರುವ ಗುರುತಿನ ಹೆಸರು. ನಾನೆಂಬುದೇ ಅಳಿದ ಮೇಲೆ ದನಿಗೇಕೆ ಗುರುತು?

ಇಂದಿನ ಪ್ರೇಮಕಾದಂಬರಿಗೆ ಮುಖಪುಟದ ಮೇಲಿನ ಲೇಖಕಿಯ ಹೆಸರೇ ಮುದ್ರೆ. ಶರಣೆ ಅಕ್ಕಮಹಾದೇವಿ ಹಾಕಿದ್ದು ತಾನು ನಲ್ಲನೆಂದು ಒಲಿದ ಶಿವನ ಹೆಸರು, ಚೆನ್ನಮಲ್ಲಿಕಾರ್ಜುನ. ಅವಳ ವಿರಹ, ಮುನಿಸು, ಬೇಟವೆಲ್ಲ ಅವನನ್ನೇ ಕರೆಯುತ್ತವೆ.

ಆಯ್ದಕ್ಕಿ ಲಕ್ಕಮ್ಮನದು ಇನ್ನೂ ಸೊಗಸು. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಲ್ಲೇ ಸುರಿದು ಬಾ ಎಂದು ಕಳಿಸಿದ ದಿಟ್ಟೆ ಎಂದೇ ಅವಳ ಖ್ಯಾತಿ. ಅಂಕಿತವೋ, ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನನ್ನು ತಿದ್ದುವ ವಚನದಲ್ಲೂ ಅವನ ಹೆಸರು ದೇವರ ಪಕ್ಕದಲ್ಲೇ ಇದೆ.

ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ಅದನ್ನು ಅಹಂಕಾರ ಎನ್ನಲಾಗದು; ಆ ಹೆಸರಲ್ಲಿ ಮೊದಲು ಬರುವುದು ಅವನ ದೋಣಿಯ ಕಾಯಕ.