ದಾನವೋ ಋಣವೋ: ಮುಕ್ತ ದತ್ತಾಂಶದ ನೈತಿಕ ನೆಲೆ

ಸಂಶೋಧನೆಗಾಗಿ ಕಲೆಹಾಕಿದ ಅಳತೆ, ಎಣಿಕೆ, ದಾಖಲೆಗಳನ್ನು ಯಾರು ಬೇಕಾದರೂ ಪಡೆದು ಬಳಸಲು ಅನುವಾಗುವಂತೆ ಪ್ರಕಟಿಸಿದಾಗ ಅವುಗಳನ್ನು ಮುಕ್ತ ದತ್ತಾಂಶವೆಂದು ಕರೆಯುತ್ತಾರೆ. ಹೀಗೆ ಪ್ರಕಟಿಸುವುದು ವಿದ್ವಾಂಸರ ಔದಾರ್ಯವೋ ಅಥವಾ ಅವರು ತೀರಿಸಲೇಬೇಕಾದ ಬಾಧ್ಯತೆಯೋ ಎಂಬುದು ಆಡಳಿತದ ಪ್ರಶ್ನೆಯಂತೆ ಕಂಡರೂ ಅದರ ಬೇರು ಧರ್ಮಜಿಜ್ಞಾಸೆಯಲ್ಲಿದೆ.

ಜ್ಞಾನದ ಹಂಚಿಕೆಯನ್ನು ದಾನವೆಂದು ಬಗೆಯುವ ಪರಂಪರೆ ಕನ್ನಡ ನಾಡಿಗೆ ಹೊಸದಲ್ಲ. ಜೈನರು ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನಯೋಗ್ಯವೆಂದು ಎಣಿಸಿದ್ದಾರೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ದಾನಚಿಂತಾಮಣಿಯೆಂದೇ ಹೆಸರಾದಳು. ಆದರೆ ಧರ್ಮಶಾಸ್ತ್ರದ ಪ್ರಕಾರ ದಾನವೆಂದರೆ ತನ್ನ ಸ್ವತ್ವವನ್ನು, ಅಂದರೆ ಒಡೆತನವನ್ನು, ಬಿಟ್ಟುಕೊಟ್ಟು ಮತ್ತೊಬ್ಬರ ಸ್ವತ್ವವನ್ನು ಉಂಟುಮಾಡುವುದು. ಅತ್ತಿಮಬ್ಬೆ ವೆಚ್ಚ ಮಾಡಿದ್ದು ತನ್ನ ಸಂಪತ್ತನ್ನು. ದತ್ತಾಂಶವಾದರೋ ಸಾರ್ವಜನಿಕರ ಹಣ, ಹಿಂದಿನವರು ರೂಪಿಸಿದ ವಿಧಾನ ಮತ್ತು ಅಧ್ಯಯನಕ್ಕೆ ಒಳಗಾದವರ ಸಹಕಾರ ಇವೆಲ್ಲ ಸೇರಿ ಹುಟ್ಟುವಂಥದ್ದು. ಕೊಟ್ಟ ಮೇಲೂ ಅದು ಕೊಟ್ಟವರ ಬಳಿಯೇ ಉಳಿಯುತ್ತದೆ. ಪೂರ್ತಿ ತನ್ನದಲ್ಲದ, ಕೊಟ್ಟರೂ ಕಳೆಯದ ವಸ್ತುವಿಗೆ ದಾನದ ಲಕ್ಷಣ ಹೊಂದುವುದಿಲ್ಲ.

ಇಲ್ಲಿ ಹೆಚ್ಚು ಹೊಂದುವುದು ಋಣದ ಕಲ್ಪನೆ. ಶತಪಥ ಬ್ರಾಹ್ಮಣವು ಮನುಷ್ಯ ಹುಟ್ಟಿನಿಂದಲೇ ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಮತ್ತು ಸಹಮಾನವರಿಗೆ ಋಣಿಯೆಂದು ಹೇಳುತ್ತದೆ. ಇವುಗಳಲ್ಲಿ ಋಷಿಋಣ ತೀರುವುದು ಅಧ್ಯಯನದಿಂದ. ಹಿಂದಿನವರಿಂದ ಪಡೆದ ಅರಿವಿನ ಮೇಲೆ ಕಟ್ಟಿದ್ದನ್ನು ಇತರರಿಗೆ ದಾಟಿಸುವುದೂ ಈ ಋಣದ ಸಂದಾಯವೇ ಎನ್ನಬಹುದು. 1996ರಲ್ಲಿ ಬರ್ಮುಡಾದಲ್ಲಿ ಸೇರಿದ ಮಾನವ ಜೀನೋಮ್ ಯೋಜನೆಯ ವಿಜ್ಞಾನಿಗಳು, ಸಾವಿರ ಅಕ್ಷರಗಳಿಗಿಂತ ಉದ್ದವಾದ ಡಿಎನ್ಎ ಅನುಕ್ರಮಗಳನ್ನು ಜೋಡಿಸಿದ 24 ಗಂಟೆಗಳೊಳಗೆ ಸಾರ್ವಜನಿಕಗೊಳಿಸಬೇಕೆಂದು ಒಪ್ಪಿದರು. ಗಡುವು ಇರುವುದು ಸಾಲಕ್ಕೇ ಹೊರತು ಔದಾರ್ಯಕ್ಕಲ್ಲವಾದ್ದರಿಂದ, ಆ ಒಪ್ಪಂದದ ಸ್ವರೂಪವೇ ಋಣಸಂದಾಯದ್ದು.

ಸಂದಾಯವು ಪಡೆಯುವವರ ಕೈಸೇರದಿದ್ದರೆ ಋಣ ತೀರುವುದಿಲ್ಲ. 2014ರಲ್ಲಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿ ನಡೆದ ಕಾರ್ಯಾಗಾರದಿಂದ ಮೊದಲಾಗಿ 2016ರಲ್ಲಿ ಪ್ರಕಟವಾದ ‘ಫೇರ್’ ತತ್ವಗಳು, ದತ್ತಾಂಶವು ಹುಡುಕಿದರೆ ಸಿಗುವಂತೆ, ತಲುಪುವಂತೆ, ಬೇರೆ ವ್ಯವಸ್ಥೆಗಳೊಡನೆ ಹೊಂದುವಂತೆ ಮತ್ತು ಮರುಬಳಕೆಯಾಗುವಂತೆ ಇರಬೇಕೆಂದದ್ದು ಈ ಕಾರಣಕ್ಕೆ. ಆದರೂ ಬೃಹತ್ ದತ್ತಾಂಶವನ್ನು ಓದಲು ಬೃಹತ್ ಯಂತ್ರಗಳು ಬೇಕು. ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯವಾದ ಸರ್ನ್‌ನ ಕಣವೇಗವರ್ಧಕದ ದತ್ತಾಂಶವನ್ನು ಹಲವು ದೇಶಗಳ ಗಣಕಕೇಂದ್ರಗಳು ಹಂಚಿಕೊಂಡು ಸಂಸ್ಕರಿಸುತ್ತವೆ. ಇಂಥ ಹಂಚಿಕೆಯ ಗಣನವ್ಯವಸ್ಥೆ ಇಲ್ಲದೆಡೆ ಮುಕ್ತತೆಯ ಫಲ ಉಳ್ಳವರಿಗೇ ಸೇರುತ್ತದೆ.

ಇನ್ನು ಸಹಮಾನವರ ಋಣವು ಋಷಿಋಣಕ್ಕೆ ಅಡ್ಡ ಬರುವ ಸಂದರ್ಭಗಳೂ ಇವೆ. ಅಮೆರಿಕದ ಅರಿಜೋನಾದ ಹವಸುಪಾಯಿ ಬುಡಕಟ್ಟಿನವರು ಮಧುಮೇಹದ ಅಧ್ಯಯನಕ್ಕೆಂದು ತಿಳಿದು 1990ರ ದಶಕದಲ್ಲಿ ಕೊಟ್ಟ ರಕ್ತವನ್ನು ಮನೋರೋಗ ಮತ್ತು ವಲಸೆಯ ಅಧ್ಯಯನಗಳಿಗೂ ಬಳಸಿದ್ದು ವ್ಯಾಜ್ಯವಾಗಿ, 2010ರಲ್ಲಿ ರಾಜಿಯಾಗಿ, ಮಾದರಿಗಳು ಅವರಿಗೆ ಮರಳಿದವು. ಮೂಲನಿವಾಸಿಗಳ ದತ್ತಾಂಶದ ಮೇಲೆ ಅವರದೇ ಅಧಿಕಾರವಿರಬೇಕೆನ್ನುವ 2019ರ ‘ಕೇರ್’ ತತ್ವಗಳು ಇದೇ ನ್ಯಾಯವನ್ನು ಎತ್ತಿಹಿಡಿಯುತ್ತವೆ. ಮರುಬಳಕೆಯಿಂದ ವಿದ್ವತ್ಸಮುದಾಯಕ್ಕೆ ಲಾಭವಿದ್ದರೂ, ಮೂಲದಲ್ಲಿ ಕೊಟ್ಟವರು ಒಪ್ಪದಿದ್ದರೆ ಅದು ಒಬ್ಬರ ಸಾಲವನ್ನು ಮತ್ತೊಬ್ಬರ ಸ್ವತ್ತಿನಿಂದ ತೀರಿಸಿದಂತಾಗುತ್ತದೆ. ಆದುದರಿಂದ ಮುಕ್ತತೆ ತಾನೇ ಪರಮಮೌಲ್ಯವಲ್ಲ. ಯಾರಿಗೆ ಏನು ಸಲ್ಲಬೇಕೆಂಬ ವಿವೇಚನೆ ಅದಕ್ಕಿಂತ ಮೊದಲು ನಡೆಯಬೇಕು.