ನಮ್ಮ ವ್ಯಾಜ್ಯಕ್ಕೆ ನಾವೇ ನ್ಯಾಯಾಧೀಶರೇ?

ನಲವತ್ತು ದಾಟಿದ ಮೇಲೆ ಕಾನೂನು ಕಾಲೇಜಿನ ಮೆಟ್ಟಿಲು ಹತ್ತುವವರು ಮುಂಬಯಿಯಲ್ಲಿ ಅಪರೂಪವೇನಲ್ಲ. ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರಕಾರದ ಗುಮಾಸ್ತಿಕೆಯಲ್ಲಿ ಇಪ್ಪತ್ತು ವರ್ಷ ಕಳೆದ ನಾವೂ ಕಚೇರಿಯ ಅಪ್ಪಣೆ ಪಡೆದು ಮೂರು ವರ್ಷದ ಎಲ್‌ಎಲ್.ಬಿ.ಗೆ ಹೆಸರು ಹಚ್ಚಿದೆವು. ಬೆಳಿಗ್ಗೆ ಪಾಠ, ಹಗಲು ಫೈಲು, ರಾತ್ರಿ ಪುಸ್ತಕ. ವಕೀಲರ ಪರಿಷತ್ತಿನ 2008ರ ನಿಯಮಗಳು ಪ್ರತಿ ವಿಷಯದಲ್ಲೂ ನೂರಕ್ಕೆ 70ರ ಹಾಜರಿ ವಿಧಿಸಿದ್ದರಿಂದ, ಬರಿಯ ಹೆಸರಿಗೆ ವಿದ್ಯಾರ್ಥಿಯಾಗಿರುವಂತಿರಲಿಲ್ಲ.

ಹಳೆಯ ಓದಿನ ಅಭ್ಯಾಸವೂ ಇಲ್ಲಿ ಕೈಕೊಟ್ಟಿತು. ವಿಜ್ಞಾನದಲ್ಲಿ ಸೂತ್ರ ಬಾಯಿಪಾಠವಾದರೆ ಅರ್ಧ ಗೆದ್ದಂತೆ. ಕಾನೂನಿನಲ್ಲಿ ಹಾಗಲ್ಲ, ಮೊಕದ್ದಮೆಯ ಸಂಗತಿಯೇನು, ಎದ್ದ ಪ್ರಶ್ನೆಯೇನು, ನ್ಯಾಯಾಲಯ ಯಾವ ಕಾರಣಕ್ಕೆ ಏನೆಂದಿತು ಎಂದು ಬಿಡಿಸಿ ಬರೆದುಕೊಳ್ಳಬೇಕು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಅದು ಸಾಧ್ಯವಿಲ್ಲ. ಹೊತ್ತು ಬೇಕಾಯಿತು, ಹೊತ್ತಿಗಾಗಿ ಜನರನ್ನು ಕಡಿಮೆ ಮಾಡಿದೆವು. ಮೊದಲು ಇಸ್ಪೀಟು, ಆಮೇಲೆ ಸಂಘದ ನಾಟಕದ ತಾಲೀಮು, ಮದುವೆ-ಮುಂಜಿ, ಕಡೆಗೆ ಊಟದ ನಂತರದ ಮಾತುಕತೆ. ಎಲ್ಲರಿಗೂ ಒಂದೇ ಉತ್ತರ: "ಪರೀಕ್ಷೆ ಇದೆ."

ಆ ದಿನಗಳಲ್ಲೇ ನಮ್ಮ ತಾಯಿಯವರು ಒಂದು ತಿಂಗಳು ಇರಲೆಂದು ಧಾರವಾಡದಿಂದ ಬಂದರು. ಹದಿನೆಂಟನೆಯ ದಿನ ಚೀಲ ಕಟ್ಟಿಟ್ಟು, "ನಿನ್ನ ಓದಿಗೆ ನಾ ಯಾಕ ಅಡ್ಡ ಬರಲಿ? ಪರೀಕ್ಷೆ ಮುಗಿದ ಮ್ಯಾಲೆ ಬರತೇನಿ" ಎಂದರು. ಅಷ್ಟು ದಿನಗಳಲ್ಲಿ ಅವರೊಡನೆ ಕುಳಿತು ಉಂಡದ್ದು ನಾಲ್ಕೇ ಸಲ.

ಆಗ ನಾವು ಓದುತ್ತಿದ್ದುದು ಸಹಜ ನ್ಯಾಯದ ತತ್ವಗಳನ್ನು! ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು; ಎದುರು ಪಕ್ಷದ ಮಾತು ಕೇಳದೆ ತೀರ್ಪು ಕೊಡಬಾರದು. ಇದಕ್ಕೆ ಎ.ಕೆ. ಕ್ರೈಪಾಕ್ ಮೊಕದ್ದಮೆಯನ್ನು ಎಲ್ಲ ವಿದ್ಯಾರ್ಥಿಗಳೂ ಓದುತ್ತಾರೆ. ಭಾರತೀಯ ಅರಣ್ಯ ಸೇವೆಗೆ ಜಮ್ಮು-ಕಾಶ್ಮೀರದ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಅಲ್ಲಿನ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಕರು ಸದಸ್ಯರು, ಉಮೇದುವಾರರೂ ಹೌದು. ತಮ್ಮ ಹೆಸರಿನ ವಿಚಾರ ನಡೆದಾಗ ಅವರು ಭಾಗವಹಿಸಲಿಲ್ಲ. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತ್ರ ಕುಳಿತಿದ್ದರು. ಪಟ್ಟಿಯಲ್ಲಿ ಅವರದೇ ಮೊದಲ ಹೆಸರು. ಮನಸ್ಸಿನೊಳಗಿನ ಪಕ್ಷಪಾತವನ್ನು ಸಾಬೀತು ಮಾಡುವುದು ಕಷ್ಟ, ಅದು ಇದ್ದೀತೆಂದು ನಂಬಲು ಯುಕ್ತ ಕಾರಣವಿದೆಯೇ ಎಂಬುದನ್ನಷ್ಟೇ ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಆ ಆಯ್ಕೆಯನ್ನು ರದ್ದುಪಡಿಸಿತು.

ಆ ಅಧಿಕಾರಿ ತಮ್ಮ ಸರದಿ ಬಂದಾಗಲಾದರೂ ಬದಿಗೆ ಸರಿದಿದ್ದರು. ನಾವೋ? ನಮ್ಮ ಓದಿಗೂ ಮನೆಯವರ ಹಕ್ಕಿಗೂ ನಡುವೆ ತೀರ್ಪು ಕೊಡುವಾಗ ಉಮೇದುವಾರರೂ ನಾವೇ, ಮಂಡಳಿಯೂ ನಾವೇ. ಪಟ್ಟಿಯಲ್ಲಿ ಪ್ರತಿ ದಿನವೂ ನಮ್ಮ ಹೆಸರೇ ಮೊದಲು. "ಓದುವುದು ಅವರಿಗಾಗಿಯೇ ತಾನೆ?" ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಆ ಪ್ರಮಾಣಪತ್ರಕ್ಕೂ ಸಹಿ ನಮ್ಮದೇ.

ಎಲ್ಲರನ್ನೂ ಕೇಳುತ್ತ ಕುಳಿತರೆ ಓದುವುದು ಯಾವಾಗ ಎಂದು ವಾಚಕರು ಕೇಳಬಹುದು. ಕೇಳುವುದೆಂದರೆ ಒಪ್ಪುವುದಲ್ಲ. ಅಹವಾಲು ಕೇಳಿದ ಮೇಲೂ ಅರ್ಜಿಯನ್ನು ವಜಾ ಮಾಡಬಹುದು. ತಾಯಿಯವರನ್ನು ಕೇಳಿದ್ದರೆ ಅವರೂ "ಓದಪ್ಪಾ" ಎಂದೇ ಅನ್ನುತ್ತಿದ್ದರೇನೋ. ನಾವು ಕೇಳಲಿಲ್ಲ; ತಪ್ಪು ಇರುವುದು ಅಲ್ಲಿ.

ಈಗ ಭಾನುವಾರ ರಾತ್ರಿ ಮುಂದಿನ ವಾರದ ವೇಳಾಪಟ್ಟಿಯನ್ನು ಮನೆಯವರ ಮುಂದಿಡುತ್ತೇವೆ. ಮೊದಲ ಮಾತು ಅವರದು. ಬಹಳ ಕೇಳುತ್ತಾರೆಂದು ಹೆದರಿದ್ದೆವು. ಮನೆಯಾಕೆ ಕೇಳಿದ್ದು ಸಂಜೆಯ ಚಹದ ಅರ್ಧ ಗಂಟೆ. ಮಗ ಕೇಳಿದ್ದು ವಾರಕ್ಕೊಂದು ದಿನದ ಗಣಿತ. ಇಸ್ಪೀಟಿನ ಗೆಳೆಯರ ಅರ್ಜಿ ಮಾತ್ರ ವಿಚಾರಣೆಯ ನಂತರ ವಜಾ ಆಯಿತು. ಕಳೆದ ಪರೀಕ್ಷೆಯಲ್ಲಿ ನಮ್ಮ ಅಂಕಗಳು ಕೊಂಚ ಇಳಿದದ್ದೂ ನಿಜ, ಅದನ್ನು ಮುಚ್ಚಿಡುವುದಿಲ್ಲ.

ತಾಯಿಯವರ ಅಹವಾಲು ಇನ್ನೂ ಬಾಕಿ ಇದೆ. ದಸರೆಗೆ ಧಾರವಾಡಕ್ಕೆ ಹೊರಟಿದ್ದೇವೆ, ಪುಸ್ತಕಗಳನ್ನು ಇಲ್ಲಿಯೇ ಬಿಟ್ಟು.